ತುಟಿಯ ನೀರುಗುಳ್ಳೆಗೆ ಜ್ಯೇಷ್ಠಮಧು, ಜೇನು: ನಾನು ಪಾಲಿಸುವ ಕ್ರಮ

ತುಟಿಯಂಚಿನಲ್ಲಿ ಗೊಂಚಲಾಗಿ ಏಳುವ ನೀರುಗುಳ್ಳೆಯನ್ನು ನಮ್ಮ ಕಡೆ ‘ಉಷ್ಣ’ ಅಂತ ತಳ್ಳಿಹಾಕುತ್ತಾರೆ. ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್. ಒಮ್ಮೆ ಮೈ ಸೇರಿದರೆ ಮುಖದ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಜ್ವರ, ಬಿಸಿಲು, ನಿದ್ದೆಗೇಡಿನ ಹೊತ್ತಿಗೆ ಮತ್ತೆ ತುಟಿಗೆ ಇಳಿಯುತ್ತದೆ. ಅಲ್ಲಿಂದ ಅದನ್ನು ಓಡಿಸುವ ಬೇರೂ ಇಲ್ಲ, ಮಾತ್ರೆಯೂ ಇಲ್ಲ. ಮನೆಮದ್ದಿನಿಂದ ನಾನು ಬಯಸುವುದು ಉರಿ ತಗ್ಗಬೇಕು, ಹಕ್ಕಳೆ ಬಿರಿಯಬಾರದು, ಅಷ್ಟೇ.

ಗುಳ್ಳೆ ಏಳುವ ಮೊದಲು ಆ ಜಾಗ ಚುರುಚುರು ಅನ್ನುತ್ತದೆ. ಮದ್ದು ಶುರುವಾಗಬೇಕಾದ್ದು ಆಗಲೇ. ಗ್ರಂದಿಗೆ ಅಂಗಡಿಯ ಜ್ಯೇಷ್ಠಮಧು ಪುಡಿ ಒಂದು ಟೀ ಚಮಚ, ನೀರು ಅರ್ಧ ಲೋಟ; ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ ಇಳಿಸಿ. ಚಹಾದಷ್ಟು ಕಂದಾಗಿ, ಬೆರಳಿಗೆ ತುಸು ಅಂಟಬೇಕು. ಟೀ ಜರಡಿ ಸಾಲದು, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಬೇರಿನ ನಾರು ಉಳಿದರೆ ಹುಣ್ಣಿಗೆ ಚುಚ್ಚುತ್ತದೆ. ತಣಿದ ಮೇಲೆ ಹತ್ತಿಯಲ್ಲಿ ಅದ್ದಿ ದಿನಕ್ಕೆ ನಾಲ್ಕೈದು ಬಾರಿ ಒತ್ತಿ, ಉಜ್ಜಬೇಡಿ. ಪ್ರತಿ ಸಲ ಹೊಸ ಹತ್ತಿ. ಹುಣ್ಣು ಮುಟ್ಟಿದ್ದನ್ನು ಮತ್ತೆ ಬಟ್ಟಲಿಗೆ ಅದ್ದಿದರೆ ಅಷ್ಟೂ ಕಷಾಯ ಚೆಲ್ಲಬೇಕು. ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು, ಹುಳಿ ವಾಸನೆ ಬಂದರೆ ಬೇಡ. ಈ ಬೇರಿನಲ್ಲಿರುವ ಗ್ಲೈಸಿರೈಜಿನ್ ಎಂಬ ಸಿಹಿ ಅಂಶ ವೈರಸ್ಸನ್ನು ತಡೆಯುತ್ತದೆಂದು 1979ರಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ; ಗಾಜಿನ ತಟ್ಟೆಯಲ್ಲಿ ಆದದ್ದು ತುಟಿಯ ಮೇಲೂ ಅಷ್ಟೇ ಆಗುತ್ತದೆ ಅನ್ನಲಾರೆ. ಕುಡಿಯುವುದಂತೂ ಬೇಡ, ಬಿಪಿ ಏರಿಸುತ್ತದೆ.

ಗುಳ್ಳೆ ಒಡೆದು ಹಸಿಯಾದಾಗ ಜೇನಿಗೆ ಬದಲಾಯಿಸುತ್ತೇನೆ. ನ್ಯೂಜಿಲೆಂಡಿನಲ್ಲಿ 900ಕ್ಕೂ ಹೆಚ್ಚು ಮಂದಿಯಲ್ಲಿ ಕಾನುಕಾ ಎಂಬ ಅಲ್ಲಿನ ಗಿಡದ ಹೂವಿನ ಜೇನಿನ ಕ್ರೀಮನ್ನೂ ವೈರಸ್ ತಡೆಯುವ ಔಷಧವಾದ ಅಸೈಕ್ಲೋವಿರಿನ 5% ಕ್ರೀಮನ್ನೂ ಹೋಲಿಸಿ ನೋಡಿದ್ದಾರೆ. 2019ರಲ್ಲಿ ಬಂದ ಫಲಿತಾಂಶದಲ್ಲಿ ಎರಡಕ್ಕೂ ಗುಣವಾಗಲು ಎಂಟು-ಒಂಬತ್ತು ದಿನವೇ ಹಿಡಿದಿತ್ತು. ಜೇನು ಪವಾಡ ಅಂತಲ್ಲ, ಆ ಅಸೈಕ್ಲೋವಿರ್ ಕ್ರೀಮೂ ಅಂಥ ದೊಡ್ಡದೇನಲ್ಲ ಅಂತ ನನ್ನ ಲೆಕ್ಕ. ಅಲ್ಲಿ ಬಳಸಿದ್ದು ಶುದ್ಧೀಕರಿಸಿದ ಔಷಧ ದರ್ಜೆಯ ಜೇನು, ತುಡುವೆ ಗೂಡಿನಿಂದ ಹಿಂಡಿದ್ದಲ್ಲ. ತೆಳ್ಳಗೆ ಹಚ್ಚಿ, ದಪ್ಪ ಹಚ್ಚಿದರೆ ಹರಿದು ಬಾಯಿಗೆ ಹೋಗುತ್ತದೆ, ದಿಂಬಿಗೂ ಅಂಟುತ್ತದೆ.

ಲೋಳೆಸರವೂ ತಂಪೇ. ಕತ್ತರಿಸಿದ ಎಲೆಯನ್ನು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ ಹಳದಿ ರಸ ಇಳಿಸಿ, ತೊಳೆದು, ಆಮೇಲೆ ಒಳಗಿನ ಲೋಳೆ ತೆಗೆಯಿರಿ. ಉರಿ ತರುವುದು ಆ ಹಳದಿ ರಸ. ಹಕ್ಕಳೆ ಕಟ್ಟಿದ ಮೇಲೆ ತುಪ್ಪ ಅಥವಾ ವ್ಯಾಸಲೀನ್ ಸಾಕು.

ಯುರೋಪಿನಲ್ಲಿ ಇದಕ್ಕೆ ಲೆಮನ್ ಬಾಮ್ ಎಂಬ ಪುದೀನ ಜಾತಿಯ ಗಿಡದ ಮುಲಾಮು ಹಚ್ಚುತ್ತಾರೆ. ವಾಸನೆ ಹತ್ತಿರವಿದೆಯೆಂದು ನಮ್ಮ ಮಜ್ಜಿಗೆ ಹುಲ್ಲನ್ನು ಅರೆದು ಹಚ್ಚುವವರಿದ್ದಾರೆ, ಗಿಡವೇ ಬೇರೆ.

ಕೆಡುವುದು ಹೆಚ್ಚಾಗಿ ಬೆಳ್ಳುಳ್ಳಿ, ಸುಣ್ಣ, ನಿಂಬೆರಸ, ಟೂತ್‌ಪೇಸ್ಟಿನಿಂದ. ಚರ್ಮ ಸುಟ್ಟು ಕಲೆ ಉಳಿಯುತ್ತದೆ. ಅದಕ್ಕಿಂತ ಅಪಾಯ ಅಂಗಡಿಯ ತುರಿಕೆ ಕ್ರೀಮು: ಹಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ವೈರಸ್ಸಿಗೆ ದಾರಿ ಬಿಟ್ಟುಕೊಟ್ಟಂತೆ.

ಹುಣ್ಣಿರುವಾಗ ಮಗುವಿಗೆ ಮುತ್ತು ಬೇಡ, ಮುಖದ ಟವೆಲ್ ಹಂಚಿಕೊಳ್ಳಬೇಡಿ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಬಾಯಿಂದ ಗುಪ್ತಾಂಗಕ್ಕೂ ಹರಡುತ್ತದೆ. ಅಲ್ಲಿ ಗುಳ್ಳೆಯೆದ್ದರೆ, ಕಣ್ಣು ಕೆಂಪಾದರೆ, ವರ್ಷಕ್ಕೆ ಆರೇಳು ಸಲ ಮರುಕಳಿಸಿದರೆ ಈ ಯಾವುದೂ ಬೇಡ, ಡಾಕ್ಟರು ಕೊಡುವ ಔಷಧವೇ ಬೇಕು. ಗರ್ಭಿಣಿಯರು, ಇಸುಬು (ಎಕ್ಸಿಮಾ) ಇರುವವರು ಮೊದಲೇ ತೋರಿಸಲಿ. ಎದೆ, ಬೆನ್ನಿನ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಗುಳ್ಳೆ ಬಂದರೆ ಅದು ಸರ್ಪಸುತ್ತು, ಬೇರೆ ವೈರಸ್. ಕೆಮ್ಮಣ್ಣು ಬಳಿಸಿಕೊಳ್ಳುತ್ತ ಕೂರದೆ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿಸಿ.