ಎಂಜಿನ್ ಆಯಿಲ್ ಡಬ್ಬದ ಬೆನ್ನು ಓದುವುದು ಹೇಗೆ?

ಅಂಗಡಿಯ ಶೆಲ್ಫಿನಲ್ಲಿ ಎರಡು ಡಬ್ಬ ಅಕ್ಕಪಕ್ಕ ಇವೆ ಅಂದುಕೊಳ್ಳಿ. ಎರಡರ ಮೇಲೂ ‘ಫುಲ್ಲಿ ಸಿಂಥೆಟಿಕ್’ ಎಂದಿದೆ. ಎರಡರ ಮೇಲೂ 5ಡಬ್ಲ್ಯು-30 ಎಂದಿದೆ. ಬೆಲೆಯಲ್ಲಿ ಮಾತ್ರ ಲೀಟರಿಗೆ ಇನ್ನೂರು ಮುನ್ನೂರು ರೂಪಾಯಿ ವ್ಯತ್ಯಾಸ. ‘ಎರಡೂ ಒಂದೇ ಸಾರ್, ಕಂಪನಿ ಬೇರೆ ಅಷ್ಟೆ’ ಎಂಬ ಮಾತು ಅಂಗಡಿಯಲ್ಲಿ ಸುಲಭವಾಗಿ ಬರುತ್ತದೆ. ಆದರೆ ಎರಡೂ ಒಂದೇ ಆಗಿರಬೇಕಿಲ್ಲ. ಒಂದು ನಿಮ್ಮ ಎಂಜಿನ್‌ಗೆ ಸರಿಯಾಗಿ ಹೊಂದಬಹುದು. ಇನ್ನೊಂದು ನಿಮ್ಮ ಡೀಸೆಲ್ ಕಾರಿನ ಹೊಗೆ ಫಿಲ್ಟರನ್ನು ವರ್ಷಗಟ್ಟಲೆ ನಿಧಾನಕ್ಕೆ ಕಟ್ಟಿಸಬಹುದು.

ಈ ವ್ಯತ್ಯಾಸ ಡಬ್ಬದ ಮುಂಭಾಗದಲ್ಲಿ ಕಾಣುವುದಿಲ್ಲ. ಹಿಂಭಾಗದ ಸಣ್ಣ ಅಕ್ಷರದಲ್ಲಿದೆ, ಕಂಪನಿಯ ವೆಬ್‌ಸೈಟಿನಲ್ಲಿ ಸಿಗುವ ಒಂದೆರಡು ಪುಟದ ಡೇಟಾ ಶೀಟ್‌ನಲ್ಲಿದೆ. ಓದುವುದು ಕಷ್ಟವಲ್ಲ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬುದು ಗೊತ್ತಿದ್ದರೆ ಸಾಕು.

1. ಮೊದಲು ಕಾರಿನ ಪುಸ್ತಕ

ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಮಲಗಿರುವ ಮ್ಯಾನ್ಯುಯಲ್ ತೆಗೆಯಿರಿ. ಕೊನೆಯ ಪುಟಗಳಲ್ಲಿ ಆಯಿಲ್ ಬಗ್ಗೆ ಮೂರು ವಿಷಯ ಇರುತ್ತದೆ: ಗ್ರೇಡ್ (0ಡಬ್ಲ್ಯು-20, 5ಡಬ್ಲ್ಯು-30 ಇತ್ಯಾದಿ), ಗುಣಮಟ್ಟದ ಗುರುತು (ಎಪಿಐ, ಐಎಲ್‌ಎಸ್‌ಎಸಿ, ಎಸಿಇಎ ಎಂಬ ಸಂಸ್ಥೆಗಳು ಕೊಡುವ ದರ್ಜೆ ಅಥವಾ ಕಾರು ಕಂಪನಿಯದೇ ನಂಬರ್), ಮತ್ತು ಎಷ್ಟು ಲೀಟರ್ ಬೇಕು ಎಂಬುದು. ಮೂರನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಹೋಲಿಕೆಯೆಲ್ಲ ಈ ಪುಟದ ಒಳಗೇ ನಡೆಯಬೇಕು. ಇದಕ್ಕೆ ಹೊಂದದ ಆಯಿಲ್ ಎಷ್ಟೇ ದುಬಾರಿ ಇದ್ದರೂ ನಿಮ್ಮ ಕಾರಿಗೆ ಅದು ಒಳ್ಳೆಯ ಆಯಿಲ್ ಅಲ್ಲ.

2. ಗ್ರೇಡ್ ನಂಬರ್ ಏನು ಹೇಳುತ್ತದೆ

5ಡಬ್ಲ್ಯು-30ರಲ್ಲಿ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಚಳಿಗೆ ಜೋನಿ ಬೆಲ್ಲ ಮಂದವಾಗುವ ಹಾಗೆ ಆಯಿಲೂ ಮಂದವಾಗುತ್ತದೆ. ಎಷ್ಟು ಚಳಿಯವರೆಗೆ ಎಂಜಿನ್ ತಿರುಗಲು ಬಿಡುತ್ತದೆ ಎಂಬುದನ್ನು ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಹೇಳುತ್ತದೆ. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ ಪರೀಕ್ಷಿಸುತ್ತಾರೆ. ಕೆನಡಾದಲ್ಲೋ ಲಡಾಖ್‌ನಲ್ಲೋ ಕಾರು ಓಡಿಸುವವರಿಗೆ ಇದು ದೊಡ್ಡ ವಿಷಯ. ಬೀದರ್‌ನ ಜನವರಿ ಬೆಳಗಿಗೂ ಮಡಿಕೇರಿಯ ಮಂಜಿಗೂ 5ಡಬ್ಲ್ಯು, 10ಡಬ್ಲ್ಯು ಎರಡೂ ಧಾರಾಳ ಸಾಕು.

ಎರಡನೆಯ ಅಂಕಿ ಬಿಸಿ ಎಂಜಿನ್‌ಗೆ ಸಂಬಂಧಿಸಿದ್ದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ದಪ್ಪ ಇರಬೇಕು ಎಂದು ಅದು ಗೊತ್ತುಮಾಡುತ್ತದೆ. ಡೇಟಾ ಶೀಟ್‌ನಲ್ಲಿ ಇದನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಕೊಡುತ್ತಾರೆ. 20ರ ಗ್ರೇಡ್ ಅಂದರೆ 6.9ರಿಂದ 9.3ರೊಳಗೆ. 30 ಅಂದರೆ 9.3ರಿಂದ 12.5ರೊಳಗೆ. 40 ಅಂದರೆ 12.5ರಿಂದ 16.3ರೊಳಗೆ.

‘ನಮ್ಮ ಬಿಸಿಲಿಗೆ ಗಟ್ಟಿ ಆಯಿಲೇ ಬೇಕು’ ಎಂದು ಕಲಬುರಗಿ, ರಾಯಚೂರು ಕಡೆಯ ಗೆಳೆಯರು ಹೇಳುವುದುಂಟು. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಎಂಜಿನ್ನಿನ ಬಿಸಿಯನ್ನು ಹೊರಗಿನ ಬಿಸಿಲಿಗಿಂತ ಹೆಚ್ಚಾಗಿ ಥರ್ಮೋಸ್ಟಾಟ್ ಎಂಬ ಬಿಸಿ ನಿಯಂತ್ರಿಸುವ ಭಾಗ ನಿರ್ಧರಿಸುತ್ತದೆ. ಹೊರಗೆ 20 ಇರಲಿ, 43 ಇರಲಿ, ಎಂಜಿನ್ ತಂಪುಮಾಡುವ ಕೂಲಂಟ್ ದ್ರವ ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಓಡುತ್ತದೆ. ಈಚಿನ ಜಪಾನ್ ಮೂಲದ ಪೆಟ್ರೋಲ್ ಎಂಜಿನ್‌ಗಳಲ್ಲಿ ಹಲವು 0ಡಬ್ಲ್ಯು-20 ಅಥವಾ ಅದಕ್ಕಿಂತ ತೆಳುವಾದ 0ಡಬ್ಲ್ಯು-16 ಕೇಳುತ್ತವೆ. ಅವುಗಳ ಆಯಿಲ್ ಪಂಪು, ಬೇರಿಂಗ್ ಸಂದು ಎಲ್ಲವನ್ನೂ ಆ ತೆಳುವಿಗೆ ತಕ್ಕಂತೆ ಮಾಡಿರುತ್ತಾರೆ. ಪುಸ್ತಕದಲ್ಲೇ 5ಡಬ್ಲ್ಯು-30, 5ಡಬ್ಲ್ಯು-40 ಎರಡಕ್ಕೂ ಅವಕಾಶ ಇದ್ದರೆ, ಜಾಸ್ತಿ ಭಾರ ಹೊತ್ತು ಘಾಟಿ ಹತ್ತುವವರು 40 ಆರಿಸಿಕೊಳ್ಳಬಹುದು. ಪುಸ್ತಕ ಒಪ್ಪದಿದ್ದರೆ ಬೇಡ.

3. ‘ಸಿಂಥೆಟಿಕ್’ ಡಬ್ಬದೊಳಗೆ ಏನಿದೆ

ಯಾವ ಎಂಜಿನ್ ಆಯಿಲಿನಲ್ಲೂ ಎರಡು ಭಾಗ. ಮುಕ್ಕಾಲಿಗೂ ಹೆಚ್ಚು ಬೇಸ್ ಆಯಿಲ್, ಉಳಿದದ್ದು ಅಡಿಟಿವ್, ಅಂದರೆ ಗುಣ ಹೆಚ್ಚಿಸಲು ಬೆರೆಸುವ ರಾಸಾಯನಿಕಗಳು. ಬೇಸ್ ಆಯಿಲನ್ನು ಅಮೆರಿಕದ ಎಪಿಐ ಸಂಸ್ಥೆ ಐದು ಗುಂಪು ಮಾಡಿದೆ. ಒಂದು, ಎರಡು ಮತ್ತು ಮೂರನೆಯ ಗುಂಪು ಸಾಮಾನ್ಯವಾಗಿ ಕಚ್ಚಾ ತೈಲದಿಂದ ಬರುತ್ತವೆ. ಮೂರನೆಯದನ್ನು ಹೈಡ್ರೋಜನ್ ಸೇರಿಸಿ, ಭಾರಿ ಒತ್ತಡದಲ್ಲಿ ಅಣುಗಳನ್ನೇ ಒಡೆದು ಜೋಡಿಸಿ ಶುದ್ಧ ಮಾಡಿರುತ್ತಾರೆ. ನಾಲ್ಕನೆಯದು ಪಿಎಒ, ಅಂದರೆ ಪಾಲಿಆಲ್ಫಾಓಲೆಫಿನ್. ಅದನ್ನು ಎಥಿಲೀನ್ ಅನಿಲದಿಂದ ಹೆಜ್ಜೆಹೆಜ್ಜೆಯಾಗಿ ಕಟ್ಟುತ್ತಾರೆ. ಎಸ್ಟರ್ ಮುಂತಾದವು ಐದನೆಯ ಗುಂಪು.

ಹಿಂದೆ ಸಿಂಥೆಟಿಕ್ ಅಂದರೆ ಪಿಎಒ ಅಥವಾ ಎಸ್ಟರ್ ಎಂದೇ ಇತ್ತು. 1990ರ ದಶಕದಲ್ಲಿ ಕ್ಯಾಸ್ಟ್ರಾಲ್ ಕಂಪನಿ ಅಮೆರಿಕದಲ್ಲಿ ತನ್ನ ಸಿಂಥೆಟಿಕ್ ಆಯಿಲಿಗೆ ಮೂರನೆಯ ಗುಂಪಿನ ಬೇಸ್ ಬಳಸತೊಡಗಿತು. ಮೊಬಿಲ್ ತಕರಾರು ತೆಗೆಯಿತು. ಜಾಹೀರಾತು ದೂರುಗಳನ್ನು ನೋಡುವ ಅಲ್ಲಿನ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಮೂರನೆಯ ಗುಂಪಿನ ಆಯಿಲುಗಳೂ ಸಿಂಥೆಟಿಕ್ ಹೆಸರಿನಲ್ಲೇ ಮಾರಾಟವಾಗುತ್ತಿವೆ. ಶೆಲ್ ಕಂಪನಿ ಕತಾರಿನ ಪರ್ಲ್ ಘಟಕದಲ್ಲಿ ನೈಸರ್ಗಿಕ ಅನಿಲದಿಂದಲೇ ಬೇಸ್ ಆಯಿಲ್ ಮಾಡುತ್ತದೆ. ಗುಂಪಿನ ಲೆಕ್ಕದಲ್ಲಿ ಅದೂ ಮೂರನೆಯದೇ.

ಹಾಗಾದರೆ ಮೂರನೆಯ ಗುಂಪು ಕೀಳೇ? ಖಂಡಿತ ಅಲ್ಲ. ಒಳ್ಳೆಯ ಮೂರನೆಯ ಗುಂಪಿನ ಬೇಸ್, ಒಳ್ಳೆಯ ಅಡಿಟಿವ್ ಸೇರಿದರೆ ದಿನನಿತ್ಯದ ಕಾರಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಪಿಎಒ ತೀವ್ರ ಚಳಿಯಲ್ಲೂ ತೀವ್ರ ಬಿಸಿಯಲ್ಲೂ ಮೇಲು, ನಿಜ. ಆದರೆ ಪೂರ್ತಿ ಪಿಎಒ ಆಗಿದ್ದು, ಅಡಿಟಿವ್ ಹದ ತಪ್ಪಿದ ಆಯಿಲಿಗಿಂತ ಹದವಾಗಿ ಮಾಡಿದ ಮೂರನೆಯ ಗುಂಪಿನ ಆಯಿಲ್ ನನ್ನ ಕಾರಿಗೆ ಇರಲಿ ಎನ್ನುತ್ತೇನೆ. ಕುತೂಹಲ ಇದ್ದವರು ಆಯಿಲಿನ ಸುರಕ್ಷತಾ ಶೀಟ್ ನೋಡಬಹುದು. ಪಿಎಒ ಇದ್ದರೆ ‘1-ಡೆಸೀನ್ ಹೋಮೊಪಾಲಿಮರ್, ಹೈಡ್ರೋಜನೇಟೆಡ್’ ಎಂಬ ಸಾಲು ಹೆಚ್ಚಾಗಿ ಕಾಣುತ್ತದೆ. ‘ಹೈಡ್ರೋಟ್ರೀಟೆಡ್ ಹೆವಿ ಪ್ಯಾರಾಫಿನಿಕ್’ ಎಂದಿದ್ದರೆ ಅದು ಕಚ್ಚಾ ತೈಲದ್ದು. ಅದು ಎರಡನೆಯ ಗುಂಪೋ ಮೂರನೆಯದೋ ಎಂದು ಆ ಸಾಲು ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ.

4. ಹಿಂಭಾಗದ ಸಣ್ಣ ಅಕ್ಷರ

ಸಮಯ ಕೊಡಬೇಕಾದದ್ದು ಇಲ್ಲಿ. ಮೊದಲು ಎಪಿಐ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎನ್ 2010ರದು, ಎಸ್‌ಪಿ 2020ರದು, ಎಸ್‌ಕ್ಯೂ 2025ರದು. ಪೆಟ್ರೋಲ್ ಕಾರಿಗೆ ಹಳೆಯದರ ಬದಲು ಹೊಸದು ಹಾಕಬಹುದು.

ಟರ್ಬೊ ಪೆಟ್ರೋಲ್ ಕಾರು ಇದ್ದವರು ಎಸ್‌ಪಿಗಿಂತ ಕೆಳಗಿನದನ್ನು ನೋಡಲೇಬೇಡಿ. ಸಣ್ಣ ಟರ್ಬೊ ಎಂಜಿನ್‌ನಲ್ಲಿ, ಅದರಲ್ಲೂ ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್‌ನಲ್ಲಿ, ಒಂದು ತೊಂದರೆ ಇದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಏರಿನಲ್ಲಿ ಗೇರ್ ಇಳಿಸದೆ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದರೆ, ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳಬಹುದು. ಸಿಲಿಂಡರ್ ಗೋಡೆಯ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿಗಳು ಅದಕ್ಕೆ ಒಂದು ಮುಖ್ಯ ಕಾರಣ. ಜೋರಾಗಿ ಆದರೆ ಪಿಸ್ಟನ್ನೇ ಬಿರುಕು ಬಿಡುತ್ತದೆ. ಎಂಜಿನ್ ಒಳಗನ್ನು ಶುಚಿಯಾಗಿಡಲು ಆಯಿಲಿಗೆ ಬೆರೆಸುವ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆ ಎಂದು ಪರೀಕ್ಷೆಗಳಲ್ಲಿ ಗೊತ್ತಾಯಿತು. ಆದ್ದರಿಂದ ಹೊಸ ಆಯಿಲುಗಳಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿ ಮೆಗ್ನೀಸಿಯಂ ಸೇರಿಸಿದರು. ಎಸ್‌ಪಿ ದರ್ಜೆ ಪಡೆಯಲು ಇದಕ್ಕಾಗಿಯೇ ಒಂದು ಎಂಜಿನ್ ಪರೀಕ್ಷೆ ಪಾಸಾಗಬೇಕು. ಟೈಮಿಂಗ್ ಚೈನ್ ಸವೆತಕ್ಕೂ ಬೇರೆ ಪರೀಕ್ಷೆ ಇದೆ. ಆಯಿಲ್ ಸರಿ ಇದ್ದರೂ ಏರಿನಲ್ಲಿ ಗೇರ್ ಇಳಿಸುವುದನ್ನು ಬಿಡಬೇಡಿ.

ಆಮೇಲೆ ಯುರೋಪಿನ ಎಸಿಇಎ ಗುರುತು. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಎಪಿಐನ ‘ಸಿ’ ಬೇರೆ, ಎಸಿಇಎಯ ‘ಸಿ’ ಬೇರೆ. ಎಪಿಐ ಸಿಐ-4 ಎಂದಿದ್ದರೆ ಅದು ದೊಡ್ಡ ಡೀಸೆಲ್ ಎಂಜಿನ್‌ಗಳ ದರ್ಜೆ. ಎಸಿಇಎ ಸಿ3 ಎಂದಿದ್ದರೆ ಅದು ಬೂದಿ ಕಡಿಮೆ ಬಿಡುವ ಕಾರಿನ ಆಯಿಲ್. ಆಯಿಲ್ ಉರಿದಾಗ ಅದರ ಲೋಹದ ಅಡಿಟಿವ್‌ಗಳು ಬೂದಿಯಾಗಿ ಉಳಿಯುತ್ತವೆ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳುತ್ತದೆ. ಬೂದಿಯನ್ನು ಸುಡಲು ಆಗುವುದಿಲ್ಲ, ಅದು ಅಲ್ಲೇ ಕೂರುತ್ತದೆ. ಸಿ3 ಆಯಿಲಿನಲ್ಲಿ ಬೂದಿ 0.8 ಶೇಕಡಾ ಮೀರುವಂತಿಲ್ಲ. ಎಸಿಇಎಯದೇ ಇನ್ನೊಂದು ದರ್ಜೆಯಾದ ಎ3/ಬಿ4 ಆಯಿಲಿನಲ್ಲಿ 1.6 ಶೇಕಡಾವರೆಗೂ ಇರಬಹುದು. ಡಿಪಿಎಫ್ ಇಲ್ಲದ ಹಳೆಯ ಡೀಸೆಲ್ ಕಾರಿಗೆ ಎ3/ಬಿ4 ಒಳ್ಳೆಯ ಆಯಿಲೇ. ಬಿಎಸ್6 ಡೀಸೆಲ್‌ಗೆ ಮಾತ್ರ ಬೇಡ.

ಕೊನೆಗೆ ಕಾರು ಕಂಪನಿಯ ನಂಬರ್. ಫೋಕ್ಸ್‌ವ್ಯಾಗನ್ 504 00, ಮರ್ಸಿಡಿಸ್ 229.51, ಬಿಎಂಡಬ್ಲ್ಯು ಎಲ್‌ಎಲ್-04 ಈ ತರಹದವು. ಇಲ್ಲಿ ‘ಹೊಸ ನಂಬರ್ ಹಳೆಯದಕ್ಕೂ ಆಗುತ್ತದೆ’ ಎಂಬ ನಿಯಮ ನಡೆಯುವುದಿಲ್ಲ. ಫೋಕ್ಸ್‌ವ್ಯಾಗನ್ 508 00 ತೆಳು 0ಡಬ್ಲ್ಯು-20 ಆಯಿಲ್. 504 00 ಕೇಳುವ ಎಂಜಿನ್‌ಗೆ ಅದನ್ನು ಹಾಕುವಂತಿಲ್ಲ. ಜೊತೆಗೆ, ನಂಬರ್ ಹಿಂದೆ ಯಾವ ಮಾತಿದೆ ನೋಡಿ. ‘ಅಪ್ರೂವ್ಡ್’ ಅಥವಾ ‘ಎಂಬಿ-ಅಪ್ರೂವಲ್’ (ಎಂಬಿ ಅಂದರೆ ಮರ್ಸಿಡಿಸ್-ಬೆಂಜ್) ಎಂದಿದ್ದರೆ ಕಾರು ಕಂಪನಿ ಆ ಆಯಿಲನ್ನು ಒಪ್ಪಿದೆ. ‘ಸೂಟಬಲ್ ಫಾರ್’, ‘ಮೀಟ್ಸ್’, ‘ರೆಕಮೆಂಡೆಡ್ ಫಾರ್’ ಎಂದಿದ್ದರೆ ಅದು ಆಯಿಲ್ ಮಾಡಿದವರ ಸ್ವಂತ ಮಾತು. ವಾರಂಟಿ ಇರುವ ಕಾರಿಗೆ ನಾನು ಅಪ್ರೂವಲ್ ಇರುವುದನ್ನೇ ತೆಗೆದುಕೊಳ್ಳಿ ಎಂದು ಹೇಳುತ್ತೇನೆ, ಬ್ರಾಂಡ್ ಹೆಸರು ಅಷ್ಟು ಕೇಳಿರದಿದ್ದರೂ ಪರವಾಗಿಲ್ಲ.

5. ಡೇಟಾ ಶೀಟ್: ಈ ನಾಲ್ಕು ಸಾಲು

ಆಯಿಲಿನ ಪೂರ್ತಿ ಹೆಸರಿನ ಜೊತೆ ‘ಪಿಡಿಎಸ್’ ಅಥವಾ ‘ಟಿಡಿಎಸ್’ ಸೇರಿಸಿ ಹುಡುಕಿ. ಸಿಕ್ಕಿದ ಎರಡು ಶೀಟ್‌ಗಳನ್ನು ಪಕ್ಕಪಕ್ಕ ಇಡಿ.

ಮೊದಲ ಸಾಲು ಎಚ್‌ಟಿಎಚ್‌ಎಸ್. ಇದು ನನಗೆ ಎಲ್ಲಕ್ಕಿಂತ ಮುಖ್ಯ. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಕಿರಿದಾದ ಸಂದಿಯಲ್ಲಿ ಉಜ್ಜಿಸಿಕೊಳ್ಳುವಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂದು ಇದು ಹೇಳುತ್ತದೆ. 30 ಗ್ರೇಡ್ ಆಯಿಲಿಗೆ ಕನಿಷ್ಠ 2.9 ಇರಬೇಕು. ಆದರೆ ಎಸಿಇಎ ಸಿ3 ಆಗಬೇಕಾದರೆ 3.5 ಬೇಕು. ಹಾಗಾಗಿ 5ಡಬ್ಲ್ಯು-30 ಎಂದೇ ಬರೆದಿರುವ ಎರಡು ಡಬ್ಬದಲ್ಲಿ ಒಂದು 3.0 ಇರಬಹುದು, ಇನ್ನೊಂದು 3.5 ಇರಬಹುದು. ಕಡಿಮೆ ಇರುವುದು ಎಂಜಿನ್ನನ್ನು ಸುಲಭವಾಗಿ ತಿರುಗಲು ಬಿಟ್ಟು ಇಂಧನ ಉಳಿಸುತ್ತದೆ. ಜಾಸ್ತಿ ಇರುವುದು ಭಾರ ಬಿದ್ದಾಗ ಲೋಹದ ನಡುವೆ ದಪ್ಪ ಪದರ ಇಡುತ್ತದೆ. ನಿಮ್ಮ ಎಂಜಿನ್ ಯಾವುದಕ್ಕೆ ಮಾಡಿದ್ದೋ ಅದೇ ಸರಿ.

ಎರಡನೆಯದು ನೋಆಕ್. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಶೇಕಡಾ ಎಷ್ಟು ತೂಕ ಆವಿಯಾಗಿ ಹೋಗುತ್ತದೆ ಎಂಬ ಲೆಕ್ಕ. ಐಎಲ್‌ಎಸ್‌ಎಸಿ ಮಿತಿ 15, ಎಸಿಇಎ ಸಿ3 ಮಿತಿ 13. ಎರಡು ಸಮಾನ ಆಯಿಲುಗಳಲ್ಲಿ ನೋಆಕ್ ಕಡಿಮೆ ಇರುವುದನ್ನು ಆರಿಸಿ. 10ರ ಒಳಗಿದ್ದರೆ ಬಹಳ ಒಳ್ಳೆಯದು. ಟಾಪ್ ಅಪ್ ಕಡಿಮೆ ಬೇಕಾಗುತ್ತದೆ, ಇನ್‌ಟೇಕ್ ವಾಲ್ವ್ ಮೇಲೆ ಮಸಿ ಕಡಿಮೆ ಕೂರುತ್ತದೆ. ಈ ಸಾಲನ್ನು ಕೆಲವು ಕಂಪನಿಗಳು ಶೀಟ್‌ನಲ್ಲಿ ಕೊಡುವುದೇ ಇಲ್ಲ. ಕೊಡುವವರಿಗೆ ನಾನು ಒಂದು ಅಂಕ ಜಾಸ್ತಿ ಹಾಕುತ್ತೇನೆ.

ಮೂರನೆಯದು ಬೂದಿ, ‘ಸಲ್ಫೇಟೆಡ್ ಆ್ಯಶ್’. ಮೇಲೆ ಹೇಳಿಯಾಯಿತು.

ನಾಲ್ಕನೆಯದು ಟಿಬಿಎನ್. ಎಂಜಿನ್ನಿನಲ್ಲಿ ಹುಟ್ಟುವ ಆಮ್ಲವನ್ನು ತಣಿಸುವ ಶಕ್ತಿ. ಎ3/ಬಿ4ಗೆ ಕನಿಷ್ಠ 10, ಸಿ3ಗೆ ಕನಿಷ್ಠ 6. ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಹಳೆಯ ಇಂಧನದ ಕಾಲದ್ದು. ಬಿಎಸ್4 ಇಂಧನದಲ್ಲಿ ಗಂಧಕ ದಶಲಕ್ಷಕ್ಕೆ 50 ಭಾಗ ಇರಬಹುದಿತ್ತು, ಬಿಎಸ್6ರಲ್ಲಿ ಮಿತಿ 10. ಆಮ್ಲ ಕಡಿಮೆಯಾದ್ದರಿಂದ ಕಡಿಮೆ ಟಿಬಿಎನ್ ಇರುವ ಆಯಿಲೂ ತನ್ನ ಅವಧಿ ಪೂರೈಸುತ್ತದೆ.

ಪೌರ್ ಪಾಯಿಂಟ್, ಫ್ಲ್ಯಾಶ್ ಪಾಯಿಂಟ್, ಬಣ್ಣ ಇವುಗಳನ್ನು ನೋಡಿ ಆಯಿಲ್ ಆರಿಸಬೇಡಿ. ಮತ್ತೊಂದು ಮಾತು: ಶೀಟ್‌ನ ಅಂಕಿಗಳು ‘ಸಾಮಾನ್ಯವಾಗಿ ಇಷ್ಟು’ ಎಂಬ ಅರ್ಥದವು. 3.5 ಮತ್ತು 3.6ರ ನಡುವೆ ತಲೆ ಕೆಡಿಸಿಕೊಳ್ಳಬೇಡಿ.

6. ಬೆಲೆಯ ಲೆಕ್ಕ

ಡಬ್ಬದ ಬೆಲೆ ನೋಡಬೇಡಿ, ಕಿಲೋಮೀಟರಿಗೆ ಎಷ್ಟು ಎಂದು ನೋಡಿ. ಒಂದು ಆಯಿಲ್ ಲೀಟರಿಗೆ 400 ರೂಪಾಯಿ, ಇನ್ನೊಂದು 700 ಎಂದುಕೊಳ್ಳಿ. ನಿಮ್ಮ ಎಂಜಿನ್‌ಗೆ 3.5 ಲೀಟರ್ ಬೇಕು. ವ್ಯತ್ಯಾಸ 1,050 ರೂಪಾಯಿ. 10,000 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ ಹತ್ತೂವರೆ ಪೈಸೆ. ದುಬಾರಿಯದಕ್ಕೆ ಪುಸ್ತಕ ಕೇಳಿದ ಅಪ್ರೂವಲ್ ಇದ್ದು, ಅಗ್ಗದ್ದಕ್ಕೆ ಇಲ್ಲದಿದ್ದರೆ ಆ ಹಣ ಕೊಡಿ. ಎರಡಕ್ಕೂ ಇದ್ದರೆ ಅಗ್ಗದ್ದೇ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಆಯಿಲ್ ಫಿಲ್ಟರ್ ಬರುತ್ತದೆ.

ದುಬಾರಿ ಆಯಿಲ್ ಹಾಕಿದೆ ಎಂದು ಬದಲಿಸುವ ಅವಧಿಯನ್ನು ಮಾತ್ರ ನೀವೇ ಉದ್ದ ಮಾಡಬೇಡಿ. ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡ್‌ನಲ್ಲೋ ಎಂಜಿನ್ ಚಾಲೂ ಇದ್ದು ಕಾರು ನಿಂತಿರುವ ಹೊತ್ತು ಮೀಟರಿನಲ್ಲಿ ಬೀಳುವುದಿಲ್ಲ, ಆಯಿಲಿನ ಆಯುಸ್ಸಿನಲ್ಲಿ ಬೀಳುತ್ತದೆ. ಮನೆಯಿಂದ ಮಾರುಕಟ್ಟೆಗೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ನೀರಿನಂಶ, ಪೆಟ್ರೋಲ್ ಅಂಶ ಅಲ್ಲೇ ಉಳಿಯುತ್ತದೆ. ಇಂಥ ಬಳಕೆಗೆ ಹಲವು ಮ್ಯಾನ್ಯುಯಲ್‌ಗಳಲ್ಲಿ ಬೇರೆಯೇ ಪಟ್ಟಿ ಇದೆ, ಅವಧಿ ಕಡಿಮೆ. ಬೆಂಗಳೂರಿನ ಬಹಳಷ್ಟು ಕಾರುಗಳು ಆ ಪಟ್ಟಿಗೇ ಸೇರುತ್ತವೆ.

7. ಕೊಳ್ಳುವಾಗ, ಹಾಕುವಾಗ

ಮುಚ್ಚಳದ ಸೀಲ್ ಮುರಿದಿರಬಾರದು. ಡಬ್ಬದ ಮೇಲೆ ಅಚ್ಚಾದ ತಯಾರಿಕೆ ದಿನಾಂಕ, ಬ್ಯಾಚ್ ನಂಬರ್ ಸ್ಪಷ್ಟವಾಗಿರಬೇಕು. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಎಪಿಐ ಗುರುತು ಅಸಲಿಯೇ ಎಂಬ ಸಂಶಯ ಬಂದರೆ, ಲೈಸೆನ್ಸ್ ಪಡೆದ ಆಯಿಲುಗಳ ಪಟ್ಟಿ ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿದೆ.

ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಅದೇ ಬ್ರಾಂಡ್ ಸಿಗದಿದ್ದರೆ ಹೆದರಬೇಡಿ. ಅದೇ ಗ್ರೇಡ್, ಅದೇ ದರ್ಜೆಯ ಬೇರೆ ಬ್ರಾಂಡ್ ಅರ್ಧ ಲೀಟರ್ ಹಾಕಬಹುದು, ಅವು ಒಂದಕ್ಕೊಂದು ಬೆರೆಯುತ್ತವೆ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಬೇಗ ಕಪ್ಪಾದರೆ ಆಯಿಲ್ ಕೆಟ್ಟಿತು ಅಂತಲ್ಲ, ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತಿದೆ ಅಂತ. ಕೌಂಟರಿನಲ್ಲಿ ಬೇರೆ ಅಡಿಟಿವ್ ಬಾಟಲಿ ತೋರಿಸಿದರೆ ಬೇಡ ಎನ್ನಿ. ಹದವಾಗಿ ಸೇರಿಸಿಟ್ಟಿರುವ ಮಿಶ್ರಣಕ್ಕೆ ಮತ್ತೇನೋ ಸುರಿದರೆ ಆ ಹದ ಕೆಡುತ್ತದೆ.

ಹೊರಗಿನ ಗ್ಯಾರೇಜಿನಲ್ಲಿ ಹಾಕಿಸುವುದಾದರೆ ಡಬ್ಬವನ್ನು ನಿಮ್ಮ ಕಣ್ಣೆದುರೇ ತೆರೆಸಿ. ಹಾಕಿಸಿದ ಮೇಲೆ ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡಿ. ಎರಡು ಗುರುತಿನ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು. ಮೇಲಿನದನ್ನು ದಾಟಿದ್ದರೆ ತೆಗೆಸಿ. ಬಿಲ್ಲಿನಲ್ಲಿ ಆಯಿಲಿನ ಪೂರ್ತಿ ಹೆಸರು, ಗ್ರೇಡ್, ಅಪ್ರೂವಲ್ ನಂಬರ್ ಮತ್ತು ಆ ದಿನದ ಕಿ.ಮೀ. ಬರೆಸಿಕೊಳ್ಳಿ. ವಾರಂಟಿ ವಿಷಯ ಬಂದಾಗ ಆ ಬಿಲ್ಲೇ ನಿಮ್ಮ ಸಾಕ್ಷಿ.