ತಾಳಮದ್ದಲೆ ಟಿಪ್ಪಣಿಗಳಿಗೆ ಸ್ವಂತ ಬ್ಲಾಗ್: ನಾನು ಮಾಡಿಕೊಂಡ ವ್ಯವಸ್ಥೆ

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಲೆಯದ್ದೇ ಕಾಲ. ವೇಷ, ಕುಣಿತ ಇಲ್ಲದೆ, ಭಾಗವತರು ಹಾಡಿದ ಪದ್ಯಕ್ಕೆ ಕೂತಲ್ಲೇ ಪಾತ್ರವಾಗಿ ಮಾತಾಡುವ ಯಕ್ಷಗಾನ ಅದು; ಆ ಮಾತಿಗೇ ಅರ್ಥ ಅನ್ನುವುದು, ಮಾತಾಡುವವರು ಅರ್ಥಧಾರಿಗಳು. ಉಡುಪಿ ಸುತ್ತಮುತ್ತ ದೇವಸ್ಥಾನದ ಸಭಾಭವನವೋ ಯಾರದೋ ಮನೆಯ ಚಾವಡಿಯೋ, ಎಲ್ಲಿ ಕೂಟ ಇದ್ದರೂ ಹೋಗಿ ಕೂತು ಕೇಳಿದ್ದನ್ನು ಬರೆದುಕೊಳ್ಳುವುದು ನನ್ನ ಅಭ್ಯಾಸ. ಪ್ರಸಂಗದ ಪದ್ಯ ಪುಸ್ತಕದಲ್ಲಿ ಇರುತ್ತದೆ. ಅರ್ಥ ಇರುವುದಿಲ್ಲ, ಅದು ಆ ಹೊತ್ತಿಗೆ ಅರ್ಥಧಾರಿಯ ಬಾಯಲ್ಲೇ ಹುಟ್ಟುವಂಥದ್ದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ರಾಮನನ್ನು ಕೇಳುವುದು ಎಲ್ಲ ಕಡೆ ಇದ್ದದ್ದೇ, ಆದರೆ ರಾಮನ ಉತ್ತರ ಒಂದು ಕೂಟದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಯಾರಾದರೂ ಬರೆದಿಡದಿದ್ದರೆ ಆ ಮಾತು ಹೋಯಿತು ಅಂತಲೇ ಲೆಕ್ಕ.

ಇಂಥ ಟಿಪ್ಪಣಿಗಳನ್ನು ನಾನು ಮೊದಲು ಎಲ್ಲರೂ ಇರುವ ಒಂದು ದೊಡ್ಡ ಜಾಲತಾಣದಲ್ಲೇ ಹಾಕುತ್ತಿದ್ದೆ. ಹಾಕಿದ ದಿನ ಓದುತ್ತಿದ್ದರು, ಲೈಕ್ ಕೊಡುತ್ತಿದ್ದರು. ವಾರ ಕಳೆದರೆ ಅದು ಎಲ್ಲಿ ಹೋಯಿತು ಅಂತ ನನಗೇ ಸಿಗುತ್ತಿರಲಿಲ್ಲ. ಒಂದು ಕೂಟದಲ್ಲಿ ನಿವೃತ್ತ ಮಾಷ್ಟ್ರೊಬ್ಬರು ಹತ್ತಿರ ಬಂದು, "ಮಾರಾಯ್ರೇ, ಕಳೆದ ವರ್ಷ ನೀವು ಕೃಷ್ಣ ಸಂಧಾನದ ಬಗ್ಗೆ ಬರ್ದದ್ದು ಒಂದು ಉಂಟಲ್ಲ, ಹುಡುಕಿ ಹುಡುಕಿ ಸಾಕಾಯ್ತು" ಅಂದರು. ಅವರಿಗೆ ಆ ಬರಹ ನಿಜವಾಗಿಯೂ ಬೇಕಿತ್ತು. ಸ್ವಂತ ಜಾಗ ಮಾಡಬೇಕು ಅಂತ ಗಟ್ಟಿ ಮಾಡಿದ್ದು ಆಗ. ಅದೂ ಅಲ್ಲದೆ ದೊಡ್ಡ ಕಂಪನಿಯ ತಾಣ ಶಾಶ್ವತ ಅಂತ ನಂಬುವುದಕ್ಕೂ ಆಗುವುದಿಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಕನ್ನಡದಲ್ಲಿ ಬರೆದವರೂ ಎಷ್ಟೋ ಜನ ಇದ್ದರು, ಅಲ್ವಾ?

ನಾನು ಸಾಫ್ಟ್‌ವೇರ್‌ನವನಲ್ಲ. ಹಾಗಾಗಿ ವರ್ಡ್‌ಪ್ರೆಸ್ ಆಯ್ದುಕೊಂಡೆ. ಬ್ಲಾಗ್ ನಡೆಸುವುದಕ್ಕೆ 2003ರಿಂದ ಇರುವ ಮುಕ್ತ ತಂತ್ರಾಂಶ, ಕೆಲಸ ಗೊತ್ತಿದ್ದವರು ಊರೂರಲ್ಲಿ ಸಿಗುತ್ತಾರೆ. ಸ್ವಂತ ಡೊಮೈನ್ ಹೆಸರು, ಅಂದರೆ ತಾಣದ ವಿಳಾಸ, ತೆಗೆದುಕೊಂಡೆ. ಎಲ್ಲಕ್ಕಿಂತ ಮುಖ್ಯ ಇದೇ ಅಂತ ನನ್ನ ಅಭಿಪ್ರಾಯ. ತಾಣವನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಡುವ ಹೋಸ್ಟಿಂಗ್ ಕಂಪನಿ ಸರಿ ಇಲ್ಲ ಅನಿಸಿದರೆ ಬದಲಾಯಿಸಬಹುದು, ವರ್ಡ್‌ಪ್ರೆಸ್ಸನ್ನೇ ಬಿಟ್ಟು ಬೇರೆಯದಕ್ಕೆ ಹೋಗಬಹುದು. ವಿಳಾಸ ನಮ್ಮದೇ ಆಗಿದ್ದರೆ ಓದುವವರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ವರ್ಡ್‌ಪ್ರೆಸ್ ಬರಹದ ತಲೆಬರಹವನ್ನೇ ವಿಳಾಸ ಮಾಡುತ್ತದೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ, ಒತ್ತಿಗಾಗಿ ಬರುವ ಒಂದೊಂದು ಹಲಂತ, ಎಲ್ಲವೂ ವಿಳಾಸದಲ್ಲಿ ಶೇಕಡಾ ಗುರುತು (%) ಸೇರಿದ 9 ಚಿಹ್ನೆಗಳಾಗುತ್ತವೆ. ಒಟ್ಟು ಸಿಗುವ ಜಾಗ 200 ಚಿಹ್ನೆ. ಅಂದರೆ 'ವಾಲಿಮೋಕ್ಷ ತಾಳಮದ್ದಲೆ ಉಡುಪಿ' ಅಂತ ತಲೆಬರಹ ಕೊಟ್ಟರೆ ಉಡುಪಿಯ ಕೊನೆಯ ಗುಡಿಸು ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ, ವಿಳಾಸ 'ಉಡುಪ'ಕ್ಕೆ ತುಂಡಾಗುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಅರ್ಧ ಪರದೆ ತುಂಬ ಶೇಕಡಾ ಗುರುತು, ಹಿರಿಯರು ವೈರಸ್ ಅಂತ ಹೆದರಿ ಒತ್ತುವುದೇ ಇಲ್ಲ. ನಾನು ಪ್ರತಿ ಬರಹಕ್ಕೂ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೈಯಾರೆ ಬರೆಯುತ್ತೇನೆ: ಪ್ರಸಂಗದ ಹೆಸರು, ಊರು, ವರ್ಷ. ತಲೆಬರಹ ಕನ್ನಡದಲ್ಲೇ ಇರುತ್ತದೆ. ಬರಹ ಪ್ರಕಟಿಸುವ ಮೊದಲೇ ಇದನ್ನು ಮಾಡಿಬಿಡಿ.

ಇನ್ನು ಅಕ್ಷರದ ಅಂದ. ತಾಣದ ರೂಪ ನಿರ್ಧರಿಸುವ ಥೀಮ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ಗೆ ಹೊಂದಿಸಿದಂಥವು, ಸಾಲುಗಳ ನಡುವೆ ಜಾಗ ಕಮ್ಮಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎತ್ತರ 1.7 ಇಟ್ಟೆ, ಅಕ್ಷರಗಳ ನಡುವಿನ ಹೆಚ್ಚುವರಿ ಅಂತರ ಸೊನ್ನೆ ಮಾಡಿದೆ, ಫಾಂಟ್ ನೋಟೋ ಸೆರಿಫ್ ಕನ್ನಡ ಹಾಕಿದೆ. ಸೆಟ್ಟಿಂಗ್‌ನಲ್ಲಿ ತಾಣದ ಭಾಷೆ ಕನ್ನಡ ಅಂತ ಕೊಡಲೇಬೇಕು. ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕೆ ಇದು ಯಾವ ಭಾಷೆ ಅಂತ ಗೊತ್ತಾಗುವುದು ಅದರಿಂದ.

ಸರಿ, ಜಾಗ ಆಯಿತು. ಜನ ಬರುವುದು ಹೇಗೆ? ಇಲ್ಲಿ ಎರಡು ದಾರಿ ನನಗೆ ಕೆಲಸಕ್ಕೆ ಬಂತು.

ಒಂದು ಹಳೆಯದು, ಆರ್‌ಎಸ್‌ಎಸ್: ತಾಣದ ಹೊಸ ಬರಹಗಳ ಪಟ್ಟಿ (ಫೀಡ್). 2013ರಲ್ಲಿ ಅದನ್ನು ಓದುವ ಗೂಗಲ್ ರೀಡರ್ ನಿಂತಾಗ ಇದರ ಕತೆ ಮುಗಿಯಿತು ಅಂದವರು ತುಂಬ ಜನ. ಆದರೆ ಅದು ಯಾರ ಸ್ವತ್ತೂ ಅಲ್ಲದ ಕಾರಣ ಹಾಗೇ ಉಳಿದಿದೆ. ವರ್ಡ್‌ಪ್ರೆಸ್‌ನಲ್ಲಿ ತಾನಾಗಿಯೇ ಸಿದ್ಧ ಇರುತ್ತದೆ. ಓದುವವರು ಫೋನಿನಲ್ಲಿ ಒಂದು ಫೀಡ್ ರೀಡರ್ ಹಾಕಿಕೊಂಡು ನನ್ನ ವಿಳಾಸ ಕೊಟ್ಟರೆ ಮುಗಿಯಿತು, ಹೊಸದು ಬಂದಾಗ ಅಲ್ಲಿಗೇ ಬರುತ್ತದೆ. ನಡುವೆ ಯಾರೂ ಕೂತು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅಂತ ತೀರ್ಮಾನಿಸುವುದಿಲ್ಲ.

ಇನ್ನೊಂದು ಫೆಡಿವರ್ಸ್, ಒಂದಕ್ಕೊಂದು ಬೆಸೆದುಕೊಂಡ ಸ್ವತಂತ್ರ ತಾಣಗಳ ಜಾಲ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಶುರು ಮಾಡಿದ ಮಾಸ್ಟಡಾನ್ ಅದರಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಅದು ಒಂದೇ ತಾಣ ಅಲ್ಲ. ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು, ಅವುಗಳ ನಡುವೆ ಆಕ್ಟಿವಿಟಿಪಬ್ ಅನ್ನುವ ಒಂದು ನಿಯಮ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು 2018ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಒಂದು ಸರ್ವರ್‌ನಲ್ಲಿ ಇರುವವರು ಇನ್ನೊಂದರಲ್ಲಿ ಇರುವವರನ್ನು ಫಾಲೋ ಮಾಡಬಹುದು, ಇಮೇಲ್ ಇದ್ದ ಹಾಗೆ. ನನಗೆ ತುಂಬ ಖುಷಿ ಕೊಟ್ಟದ್ದು ಏನೆಂದರೆ ವರ್ಡ್‌ಪ್ರೆಸ್‌ಗೂ ಆಕ್ಟಿವಿಟಿಪಬ್ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆ. ಅದನ್ನು ಹಾಕಿದ ಮೇಲೆ ನನ್ನ ಬ್ಲಾಗನ್ನೇ ಮಾಸ್ಟಡಾನ್‌ನಿಂದ ಫಾಲೋ ಮಾಡಬಹುದು. ಅವರು ಅಲ್ಲಿ ಕೊಟ್ಟ ಉತ್ತರ ಇಲ್ಲಿ ಬರಹದ ಕೆಳಗೆ ಕಮೆಂಟಾಗಿ ಬರುತ್ತದೆ. ಸುಧನ್ವನ ಅರ್ಥದ ಬಗ್ಗೆ ಬರೆದಾಗ ಹೊರದೇಶದಲ್ಲಿರುವ ನಮ್ಮ ಕಡೆಯವರೊಬ್ಬರು ತಮ್ಮ ತಂದೆ ಅದೇ ಪದ್ಯಕ್ಕೆ ಹೇಳುತ್ತಿದ್ದ ಅರ್ಥವನ್ನು ಅಲ್ಲಿಂದಲೇ ಉದ್ದಕ್ಕೆ ಬರೆದರು. ಅದು ಈಗ ಆ ಬರಹದ ಕೆಳಗೇ ಇದೆ, ಹುಡುಕಿದರೆ ಸಿಗುತ್ತದೆ.

ಮಾತುಕತೆಗೆ ಅಂತ ಮಾಸ್ಟಡಾನ್‌ನಲ್ಲಿ ಬೇರೆ ಖಾತೆಯೂ ಇದೆ. ಅಲ್ಲಿ ಸಾಮಾನ್ಯವಾಗಿ ಒಂದು ಪೋಸ್ಟ್‌ಗೆ 500 ಅಕ್ಷರ. ಹ್ಯಾಷ್‌ಟ್ಯಾಗ್ ತಪ್ಪದೆ ಹಾಕಿ, ಕನ್ನಡದಲ್ಲೇ ಹಾಕಿ, ಯಾಕೆಂದರೆ ಹೊಸಬರು ನಿಮ್ಮನ್ನು ಕಂಡುಹಿಡಿಯುವುದು ಹೆಚ್ಚಾಗಿ ಅದರಿಂದಲೇ. ಸರ್ವರ್ ಬದಲಾಯಿಸಿದರೆ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆ ಪೋಸ್ಟ್‌ಗಳು ಬರುವುದಿಲ್ಲ. ಉಳಿಯಬೇಕಾದ ಬರಹ ಮೊದಲು ಬ್ಲಾಗಿಗೆ, ಆಮೇಲೆ ಅದರ ಕೊಂಡಿ ಮಾಸ್ಟಡಾನ್‌ಗೆ, ವಾಟ್ಸ್ಆ್ಯಪ್‌ಗೆ, ಎಲ್ಲ ಕಡೆಗೆ ಅಂತ ನಾನು ಕ್ರಮ ಮಾಡಿಕೊಂಡದ್ದು ಇದಕ್ಕೇ. ಓದುವವರ ಸಂಖ್ಯೆ ದೊಡ್ಡ ತಾಣದಷ್ಟು ಇಲ್ಲ. ಆದರೆ ಬಂದವರು ಪೂರ್ತಿ ಓದುತ್ತಾರೆ, ಪದ್ಯ ತಪ್ಪಿದ್ದರೆ ತಿದ್ದುತ್ತಾರೆ.

ಅರ್ಥಧಾರಿಗಳ ಮಾತನ್ನು ಹಾಕುವ ಮೊದಲು ಅವರನ್ನು ಕೇಳುತ್ತೇನೆ, ಬೇಡ ಅಂದರೆ ಹಾಕುವುದಿಲ್ಲ. ಆಡಿಯೋ ಕೂಡ ಹಾಕುವುದಿಲ್ಲ, ಆ ಮಾತು ಅವರ ಸ್ವತ್ತು. ತಿಂಗಳಿಗೊಮ್ಮೆ ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಫೈಲ್ ಇಳಿಸಿ ಇಡುತ್ತೇನೆ. ಮುಖ್ಯ ಬರಹಗಳನ್ನು ಜಾಲಪುಟಗಳ ಪ್ರತಿಯನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಸೇವ್ ಮಾಡಿಸುತ್ತೇನೆ.

ಈಗ ಕೂತು ಮಾಡುತ್ತಿರುವುದು ಪಾತ್ರವಾರು ಟ್ಯಾಗ್. ವಾಲಿ, ಕರ್ಣ, ಅತಿಕಾಯ ಅಂತ ಒಂದೊಂದಕ್ಕೂ. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಟ್ಯಾಗ್‌ಗೂ ಅದರದ್ದೇ ಫೀಡ್ ಇರುತ್ತದೆ, ಟ್ಯಾಗ್ ಪುಟದ ವಿಳಾಸದ ಕೊನೆಗೆ ಫೀಡ್ ಅಂತ ಇಂಗ್ಲಿಷ್‌ನಲ್ಲಿ ಸೇರಿಸಿದರೆ ಸಾಕು. ಕರ್ಣನ ಅರ್ಥ ಮಾತ್ರ ಬೇಕು ಅನ್ನುವ ಹವ್ಯಾಸಿ ಅರ್ಥಧಾರಿಗಳು ಅದೊಂದನ್ನೇ ರೀಡರ್‌ಗೆ ಹಾಕಿಕೊಳ್ಳಬಹುದು. ಮಾಷ್ಟ್ರು ತಮ್ಮ ಫೋನಿನಲ್ಲಿ ಕೃಷ್ಣನದ್ದು ಹಾಕಿಸಿಕೊಂಡಿದ್ದಾರೆ.