ಹಳೇಬೀಡು ಪ್ರವಾಸಕ್ಕೆ ಮುಂಚೆ ಹೆರಾಕ್ಲೀಸ್: ಒಂದು ನೀತಿಪಾಠ ಮಾಡುವ ಬಗೆ

ಹಾಸನದ ಸುತ್ತಿನ ಪ್ರೌಢಶಾಲೆಗಳಲ್ಲಿ 9ನೇ ತರಗತಿಗೆ ನೀತಿಪಾಠ ಮಾಡುವವರಿಗೆ ಇದು. ಗ್ರೀಕ್ ತತ್ವಜ್ಞಾನಿಗಳು ಹೆರಾಕ್ಲೀಸ್‌ನಂಥ ಪುರಾಣದ ಬಲಶಾಲಿ ವೀರನನ್ನು ಒಂದು ಇಕ್ಕಟ್ಟಿನ ಗಳಿಗೆಯಲ್ಲಿ ತಡೆದು ನಿಲ್ಲಿಸಿ ಪಾಟೀಸವಾಲು ಹಾಕುತ್ತಿದ್ದರು. ನೀವೂ ಹಾಗೇ ಮಾಡಿ. ಇಡೀ ಕಥೆ ಹೇಳಲು ಹೊರಟರೆ 40 ನಿಮಿಷದ ಪಿರಿಯಡ್ ಕಥೆಗೇ ಮುಗಿಯುತ್ತದೆ.

ತರಗತಿಯಲ್ಲಿ ಸಾಕ್ರಟೀಸನ ಕಾಲದ ಗ್ರೀಕ್ ಬೋಧಕ ಪ್ರೊಡಿಕಸ್ ಹೆಣೆದ ಕಥೆ ಸಾಕು. ಸಾಕ್ರಟೀಸನ ಶಿಷ್ಯ ಕ್ಸೆನೊಫೋನನ ಬರಹದಲ್ಲಿ ಇದನ್ನು ಸಾಕ್ರಟೀಸ್, ಸುಖದ ಕಡೆ ವಾಲುವ ಅರಿಸ್ಟಿಪ್ಪಸ್‌ಗೆ ಹೇಳುತ್ತಾನೆ. ಹರೆಯಕ್ಕೆ ಕಾಲಿಟ್ಟ ಹೆರಾಕ್ಲೀಸ್ ಯಾವ ದಾರಿ ಹಿಡಿಯಲಿ ಎಂದು ಒಬ್ಬನೇ ಕೂತಿರುವಾಗ ಇಬ್ಬರು ಹೆಂಗಸರು ಬರುತ್ತಾರೆ. ಓಡಿಬಂದು ಮೊದಲು ಮಾತಾಡುವವಳು ದುರ್ಗುಣ. ನನ್ನವರು ನನ್ನನ್ನು ಸುಖವೆಂದೇ ಕರೆಯುತ್ತಾರೆ ಅನ್ನುತ್ತಾಳೆ. ಸದ್ಗುಣ ಆಸೆ ತೋರಿಸುವುದಿಲ್ಲ. ದುಡಿಯದವನಿಗೆ ದೇವರು ಒಳ್ಳೆಯದೇನನ್ನೂ ಕೊಡುವುದಿಲ್ಲ, ಬೆಳೆ ಬೇಕಾದರೆ ಹೊಲ ಗೆಯ್ಯಬೇಕು ಎನ್ನುತ್ತಾಳೆ. ಆಲೂಗೆಡ್ಡೆ, ಶುಂಠಿ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಥೆಗೆ 8 ನಿಮಿಷ. ಆಮೇಲೆ ಇಬ್ಬರನ್ನು ಎಬ್ಬಿಸಿ, ತಲಾ 4 ನಿಮಿಷ ವಾದ ಮಾಡಿಸಿ. ದುರ್ಗುಣದ ಪಾತ್ರ ತರಗತಿಯ ಅತಿ ದೊಡ್ಡ ಮಾತುಗಾರನಿಗೇ ಹೋಗಲಿ. ಆ ಪಕ್ಷ ಸಪ್ಪೆಯಾದರೆ "ಒಳ್ಳೇ ದಾರಿ ಸಾರ್" ಎಂಬ ಗಿಳಿಪಾಠ ಎರಡೇ ನಿಮಿಷದಲ್ಲಿ ಬಂದು ಪಾಠ ಅಲ್ಲಿಗೇ ನಿಲ್ಲುತ್ತದೆ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಆಯ್ಕೆ, ಕಾರಣ ಮೂರು ಸಾಲಲ್ಲಿ ಬರೆಯಲಿ. ಹೆರಾಕ್ಲೀಸ್ ಏನೆಂದ ಎಂದು ಕೇಳುತ್ತಾರೆ. ಕ್ಸೆನೊಫೋನನಲ್ಲಿ ಅವನ ಉತ್ತರವೇ ಇಲ್ಲ, ನೀವೂ ಸೇರಿಸಬೇಡಿ.

ಯಾರಾದರೂ "ಭೀಮನ ಥರ" ಎಂದೊಡನೆ ಪಾಠ ತೋಳ್ಬಲದ ಪೈಪೋಟಿಗೆ ಜಾರುತ್ತದೆ. ಆಗ ಈ ಕಥೆಯಲ್ಲಿ ಹೆರಾಕ್ಲೀಸ್ ಒಂದು ಏಟೂ ಹೊಡೆದಿಲ್ಲ ಎಂದು ನೆನಪಿಸಿ. 6ನೇ ತರಗತಿಯವರಿಗಾದರೆ ಅವನ ಇನ್ನೊಂದು ಕಥೆಯ, ಹುಚ್ಚಿನಲ್ಲಿ ತನ್ನ ಮಕ್ಕಳನ್ನೇ ಕೊಂದ ಭಾಗ ಬೇಡ. ಎಳೆಯರಿಗೆ ಒಳಾರ್ಥ ಬಿಡಿಸಲಾಗದು, ಆ ವಯಸ್ಸಿನಲ್ಲಿ ಹೊಕ್ಕಿದ್ದು ಅಳಿಸುವುದೂ ಕಷ್ಟ ಎಂದು ಪ್ಲೇಟೊ ಎಚ್ಚರಿಸಿದ್ದ. ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸನ ಗೋಳಾಟವನ್ನೂ ಕತ್ತರಿಸಿ ಎಂದವನು ಅವನು. ಅಷ್ಟು ದೂರ ಹೋಗುವುದು ಅತಿಯಾಯಿತು.

ಹಳೇಬೀಡಿನಲ್ಲಿ ಅರಿಸ್ಟಾಟಲ್ ಬೇಕು. ಧೈರ್ಯದಂತೆ ಕಾಣುವ ಐದನ್ನು ಅವನು ಬೇರ್ಪಡಿಸಿದ್ದಾನೆ: ಜನರ ನಿಂದೆಗೆ ಅಂಜಿ ನಿಲ್ಲುವುದು, ಪಳಗಿದ ಕೈಯ ಭರವಸೆ, ಸಿಟ್ಟು, ಹಿಂದೆ ಗೆದ್ದ ಹುಮ್ಮಸ್ಸು, ಅಪಾಯ ತಿಳಿಯದಿರುವುದು. ಮೊದಲನೆಯದಕ್ಕೆ ಉದಾಹರಣೆ ಟ್ರಾಯ್‌ನ ಹೆಕ್ಟರ್. ಅಕಿಲೀಸ್ ಎದುರು ಬರುತ್ತಿದ್ದಾಗ, ಕೋಟೆಯೊಳಕ್ಕೆ ಹೋದರೆ ತನ್ನ ಜೊತೆಗಾರ ಪಾಲಿಡಮಸನೇ ಮೊದಲು ಬಯ್ಯುತ್ತಾನೆ ಎಂದು ಹೊರಗೇ ನಿಂತವನು. ನಿಜವಾದ ಧೈರ್ಯಕ್ಕೆ ಇದೇ ಅತಿ ಹತ್ತಿರ ಎನ್ನುತ್ತಾನೆ ಅರಿಸ್ಟಾಟಲ್. ಐದನ್ನೂ ಮಕ್ಕಳು ಒಂದು ಹಾಳೆಯಲ್ಲಿ ಬರೆದುಕೊಂಡು ಬರಲಿ.

ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಚಕ್ರವ್ಯೂಹದ ಶಿಲ್ಪದ ಮುಂದೆ ನಿಲ್ಲಿಸಿ, ಅಭಿಮನ್ಯು ಯಾವುದಕ್ಕೆ ಸೇರುತ್ತಾನೆ ಎಂದು ಕೇಳಿ. ಹೊರಬರುವ ದಾರಿ ಗೊತ್ತಿರಲಿಲ್ಲ, ಹಾಗಾಗಿ ಐದನೆಯದು ಎಂಬ ಉತ್ತರ ಬಂದೇ ಬರುತ್ತದೆ. ಆದರೆ ಹೊರಗೆ ಬರಲು ತಿಳಿಯದೆಂದು ಅವನೇ ಧರ್ಮರಾಯನಿಗೆ ಹೇಳಿದ್ದ. ಹಿಂದೆಯೇ ಬರುತ್ತೇವೆಂದು ದೊಡ್ಡವರು ಮಾತು ಕೊಟ್ಟಿದ್ದರು. ಹಾಗಾದರೆ ಅಪಾಯ ತಿಳಿದೇ ಹೋದನೆ, ದೊಡ್ಡವರ ಮಾತು ನಂಬಿ ಹೋದನೆ? ಜಗಳ ಶುರುವಾಗುವುದು ಇಲ್ಲಿ. 15 ನಿಮಿಷ ಬಿಡಿ, ನೀವು ತೀರ್ಪು ಕೊಡಬೇಡಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಇನ್ನೊಬ್ಬ ತತ್ವಜ್ಞಾನಿ ಎಪಿಕ್ಟೆಟಸನ ಪ್ರಶ್ನೆ ಕೇಳಬಹುದು: ಸಿಂಹ, ಹಲವು ತಲೆಯ ಹಾವು ಹೈಡ್ರಾ ಎದುರಾಗದಿದ್ದರೆ ಹೆರಾಕ್ಲೀಸ್ ಏನಾಗುತ್ತಿದ್ದ? ಹೊದ್ದು ಮಲಗಿರುತ್ತಿದ್ದ ಎನ್ನುವುದು ಎಪಿಕ್ಟೆಟಸನದೇ ಉತ್ತರ. ಮಕ್ಕಳೆಲ್ಲ ಹೇಳಿ ಮುಗಿಸಿದ ಮೇಲೆ ತಿಳಿಸಿ.